ಕುಂಕುಮ ಹಚ್ಚಿದ ಸ್ಪೂಲು

೧೯೯೩ರಲ್ಲಿ ಒಂದು ಕ್ಯಾಸೆಟ್ಟು ಅಂಗಡಿಗೆ ಬರಬೇಕಾದರೆ ಟೇಪಿಗೂ ಅದರ ಪ್ಲಾಸ್ಟಿಕ್ ಗೂಡಿಗೂ ಸೇರಿ ಏಳು ರೂಪಾಯಿ, ಡಬ್ಬಿಗೆ ಒಂದೂವರೆ, ಒಳಗೆ ಮಡಚಿಡುವ ಬಣ್ಣದ ಕಾಗದಕ್ಕೆ ಎಂಬತ್ತು ಪೈಸೆ ಆಗುತ್ತಿತ್ತು. ಅಂಗಡಿಯವನಿಗೆ ಹದಿನೆಂಟಕ್ಕೆ ಕೊಟ್ಟರೆ ಅವನು ಇಪ್ಪತ್ತೈದಕ್ಕೆ ಮಾರುತ್ತಿದ್ದ. ಸ್ಟುಡಿಯೋದಲ್ಲಿ ಹಾಡನ್ನು ಮೊದಲು ಮುದ್ರಿಸಿಕೊಳ್ಳುವ ದೊಡ್ಡ ಸ್ಪೂಲಿಗೆ, ಅಂದರೆ ಊಟದ ತಟ್ಟೆಯಷ್ಟು ಅಗಲದ ಟೇಪಿನ ಚಕ್ರಕ್ಕೆ, ಒಂಬೈನೂರು. ಹಾಡಿದ ಕುಸುಮಾಗೆ ಹತ್ತು ಹಾಡಿಗೂ ಸೇರಿ ಎರಡು ಸಾವಿರ, ಮೇಲೊಂದು ಸೀರೆ.

"ಸ್ಪೂಲು ದುಬಾರಿ ಕಣಮ್ಮ. ಕಂಠ ದೇವರು ಕೊಟ್ಟಿದ್ದು, ಅದಕ್ಕೇನು ಖರ್ಚು?" ಎಂದು ಕ್ಯಾಸೆಟ್ಟು ಮಾಡಿಸುತ್ತಿದ್ದ ಗಿಣಿ ಮರಿಯಪ್ಪ ತಮಾಷೆ ಮಾಡುತ್ತಿದ್ದ. ಪೂರ್ತಿ ತಮಾಷೆಯೂ ಅಲ್ಲ. ಓಡದ ಹಾಡುಗಳ ಸ್ಪೂಲಿನ ಮೇಲೆಯೇ ಅವನು ಹೊಸ ಹಾಡು ಮುದ್ರಿಸುತ್ತಿದ್ದ. ಹಳೆಯದು ಅಳಿಸಿಹೋಗುತ್ತಿತ್ತು. ಹೋದರೆ ಹೋಗಲಿ, ಯಾರು ಕೇಳುತ್ತಾರೆ?

ಮೂವತ್ತು ವರ್ಷದ ಮೇಲೆ ಕೇಳಿಕೊಂಡು ಬಂದವಳು ಕುಸುಮಾ.

ಅವಳಿಗೀಗ ಐವತ್ತು ದಾಟಿದೆ. ಆರ್‌ಪಿಸಿ ಲೇಔಟಿನಲ್ಲಿ ಮನೆ. ಹೋದ ವರ್ಷ ಥೈರಾಯ್ಡ್ ಗಡ್ಡೆ ತೆಗೆದ ಮೇಲೆ ಗಂಟಲು ಕೈಕೊಟ್ಟಿತ್ತು. ಮಾತಾಡಿದರೆ ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಸದ್ದು. ಇಷ್ಟೇ ಸರಿಹೋಗುವುದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದನ್ನೂ ಅವಳು ಒಪ್ಪಿಕೊಂಡಿದ್ದಳು. ಒಪ್ಪಲಾಗದೆ ಹೋದದ್ದು ಭಜನೆ ಮಂಡಳಿಯ ಕಮಲಾಕ್ಷಮ್ಮ ಆಡಿದ ಮಾತು.

ಯಾರೋ ಪುಣ್ಯಾತ್ಮರು ಅವಳು ಹಾಡಿದ್ದ ಹಳೆಯ 'ಕಿಟಕಿ ಸೀಟು' ಕ್ಯಾಸೆಟ್ಟನ್ನು ಯೂಟ್ಯೂಬಿಗೆ ಹಾಕಿದ್ದರು. ಸವೆದ ಟೇಪು, ಬೇಕಾದ್ದಕ್ಕಿಂತ ಬೇಗ ಓಡುವ ಪ್ಲೇಯರು. ಹಾಡಿದವರ ಹೆಸರೂ ಇರಲಿಲ್ಲ. ಕುಸುಮಾ ಆಸೆಯಿಂದ ಫೋನು ಹಿಡಿದು ಕೇಳಿಸಿದಳು.

ಕಮಲಾಕ್ಷಮ್ಮ ಕನ್ನಡಕ ಮೇಲೆತ್ತಿ, "ಇದು ನೀವಾ? ಯಾವ್ದೋ ಚಿಕ್ಕ ಮಗು ಹಾಡ್ದಂಗಿದೆಯಲ್ರೀ. ಇರ್ಲಿ ಬಿಡಿ, ನೀವು ಅಂತೀರಲ್ಲ, ನೀವೇ ಇರ್ಬೇಕು" ಎಂದರು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅಂದು ರಾತ್ರಿ ಕುಸುಮಾ ಕಿವಿಗೆ ವೈರು ಸಿಕ್ಕಿಸಿಕೊಂಡು ಮತ್ತೆ ಮತ್ತೆ ಕೇಳಿದಳು. ಕಮಲಾಕ್ಷಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಇಲಿಮರಿಯ ಧ್ವನಿ. ಮನೆಯಲ್ಲಿದ್ದ ಕ್ಯಾಸೆಟ್ಟುಗಳು ಬೂಷ್ಟು ಹಿಡಿದಿದ್ದವು. ತನ್ನ ಕಂಠ ಹೇಗಿತ್ತು ಎನ್ನುವುದು ಅವಳಿಗೇ ನೆನಪಾಗುತ್ತಿರಲಿಲ್ಲ. ಒಂದೇ ಒಂದು ಸಲ ಅದನ್ನು ಇದ್ದಂತೆ ಕೇಳಬೇಕಿತ್ತು. ಅದು ಸಿಗುವುದಾದರೆ ಮೊದಲು ಮುದ್ರಿಸಿದ ಆ ಸ್ಪೂಲಿನಲ್ಲಿ ಮಾತ್ರ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಮರಿಯಪ್ಪ ಈಗಿರುವ ಬ್ಯಾಡರಹಳ್ಳಿಗೆ ಹೊರಟಳು.

ದಾರಿಯುದ್ದಕ್ಕೂ ಆ ಕಾಲವೇ ಕಣ್ಣ ಮುಂದೆ. ಮರಿಯಪ್ಪ ಮಾರೇನಹಳ್ಳಿಯ ಒಕ್ಕಲು ಮನೆಯವನು. ರಾಗಿ ಹೊಲದ ಮೇಲೆ ಲೇಔಟು ಬಂದಾಗ ಉಳಿದ ಎರಡು ಸೈಟಿನಲ್ಲಿ ಒಂದನ್ನು ಮಾರಿ, ವಿಜಯನಗರದ ಬಸ್‌ಸ್ಟಾಪಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟ. ಬೇರೆಯವರ ಕ್ಯಾಸೆಟ್ಟು ಮಾರಿ ಮಾರಿ, ಕನ್ನಡದಲ್ಲೂ ಹುಡುಗರು ಕುಣಿಯುವಂಥ ಪಾಪ್ ಹಾಡು ಯಾಕಿರಬಾರದು ಅನ್ನಿಸಿ 'ಗಿಣಿ ಆಡಿಯೋ' ಶುರುಮಾಡಿದ. ಸರಿಗಮದ ಗಂಧ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ಉಪಾಯ.

ಹೊಸ ಹಾಡು ಮುಗಿದ ಕೂಡಲೇ ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡು ಮಾರುತಿ ಮಂದಿರದ ಆಟೋ ಸ್ಟ್ಯಾಂಡಿಗೆ ಹೋಗುವನು. ಅಲ್ಲಿ ಮುನಿರಾಜು ಅಂತ ಸ್ನೇಹಿತ. ಅವನ ಪಕ್ಕ ಮುಂದಿನ ಸೀಟಿನಲ್ಲಿ ಅರ್ಧ ಕುಂಡೆ ಊರಿ ಕೂತು, ಹಿಂದೆ ಪ್ಯಾಸೆಂಜರು ಹತ್ತಿದ ಮೇಲೆ ಹಾಡು ಹಾಕಿಸುವನು. ತಿರುಗಿ ನೋಡುವುದಿಲ್ಲ, ಬಾಯಿ ಬಿಡುವುದಿಲ್ಲ. ಮೆಜೆಸ್ಟಿಕ್ ಮುಟ್ಟುವುದರೊಳಗೆ ಹಿಂದಿನವರು "ಯಾರ ಹಾಡಪ್ಪಾ ಇದು?" ಎಂದು ಕೇಳಿದರೆ ಹಾಡು ಪಾಸು. ಕೇಳದೆ ಇಳಿದು ಹೋದರೆ ಮತ್ತೆ ಸ್ಟುಡಿಯೋ. ಕುಸುಮಾ ಒಂದೊಂದು ಹಾಡನ್ನು ಮೂರು ಮೂರು ಸಲ ಹೊಸದಾಗಿ ಹಾಡಿದ್ದುಂಟು.

"ಅಣ್ಣ, ಆ ಪ್ಯಾಸೆಂಜರ್‌ಗೆ ಕಿವಿ ಕೇಳ್ಸಲ್ವೇನೋ?"

"ಕಿವುಡನೂ ಕೇಳ್ಬೇಕು. ಹಾಗೆ ಹಾಡು."

'ಕಿಟಕಿ ಸೀಟು' ಬಂದಾಗ ಮಾಗಡಿ ರಸ್ತೆಯಲ್ಲಿ ಅದು ಕೇಳಿಸದ ಹೋಟೆಲಿರಲಿಲ್ಲ. ಗಣೇಶನ ಪೆಂಡಾಲಿನಲ್ಲಿ ಅದೇ, ಮದುವೆ ಛತ್ರದಲ್ಲಿ ಅದೇ. ರಾಜಾಜಿನಗರದಲ್ಲಿ ಮೂರಂತಸ್ತಿನ ಆಫೀಸು ಎದ್ದಿತು, ಗಾಜಿನ ಬಾಗಿಲ ಮೇಲೆ ಹಸಿರು ಗಿಣಿ. ಮರಿಯಪ್ಪ ಆ ಸ್ಪೂಲಿನ ಅಂಚಿಗೆ ಕುಂಕುಮ ಹಚ್ಚಿ, ಆಯುಧಪೂಜೆಯಲ್ಲಿ ದೇವರ ಪಕ್ಕ ಇಟ್ಟು ಮಂಗಳಾರತಿ ಎತ್ತುತ್ತಿದ್ದ. ಬಿಳಿ ಕಾರು ಬಂತು. ಕಾರಿನೊಳಗೆ ಎ.ಸಿ., ನಾಲ್ಕು ಸ್ಪೀಕರು. ಅದರಲ್ಲಿ ಯಾವ ಹಾಡು ಹಾಕಿದರೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಮುನಿರಾಜುವಿನ ಆಟೋ ಹತ್ತುವುದು ನಿಂತೇ ಹೋಯಿತು.

ಆಮೇಲೆ ಒಂದು ದಿನ ಮರಿಯಪ್ಪನಿಗೆ ತಾನೇ ಹಾಡಬೇಕು ಅನ್ನಿಸಿತು.

ಆ ಸ್ಟುಡಿಯೋದಲ್ಲಿ ಅವನಿಗೆ ಬೇಡ ಎನ್ನುವವರು ಯಾರಿದ್ದರು? ತಬಲಾದವನು ತಲೆದೂಗಿದ. ಕುಸುಮಾ ಕೂಡ "ಚೆನ್ನಾಗಿದೆ ಅಣ್ಣ" ಎಂದು ಚಪ್ಪಾಳೆ ತಟ್ಟಿದ್ದಳು. ಮುಂದಿನ ಅವಕಾಶ ಅವನ ಕೈಯಲ್ಲಿತ್ತಲ್ಲ. ಮುನಿರಾಜು ಒಬ್ಬನೇ ತಾನಾಗಿ ಕ್ಯಾಸೆಟ್ಟು ಕೇಳಿ ಪಡೆದು, ಆಟೋದಲ್ಲಿ ಹಾಕಿ, ಮಾರನೆಯ ದಿನ ಆಫೀಸಿಗೆ ಬಂದು, "ಅಣ್ಣ, ಮೆಜೆಸ್ಟಿಕ್‌ಗೆ ಅಂತ ಹತ್ತಿದವ್ರು ಒಬ್ರು ಟೋಲ್‌ಗೇಟಲ್ಲೇ ಇಳಿದು ನಡ್ಕೊಂಡ್ ಹೋದ್ರು" ಎಂದ. ಮರಿಯಪ್ಪ ಅವನನ್ನು ಆಚೆಗೆ ಕಳಿಸಿದ. ನಲವತ್ತು ಸಾವಿರ ಕ್ಯಾಸೆಟ್ಟು ಮಾಡಿಸಿದ. ಅಂಗಡಿಯವರು ಲಾರಿಗಟ್ಟಲೆ ವಾಪಸು ಕಳಿಸಿದರು. ಅದರ ಪೆಟ್ಟಿನಿಂದ ಏಳುವಷ್ಟರಲ್ಲಿ ಸಿ.ಡಿ. ಬಂತು, ಆಮೇಲೆ ಫೋನಿನಲ್ಲಿ ಪುಕ್ಕಟೆ ಹಾಡು ಬಂತು. ಆಫೀಸು ಹೋಯಿತು, ಕಾರು ಹೋಯಿತು, ಮಾರೇನಹಳ್ಳಿಯ ಉಳಿದ ಸೈಟೂ ಹೋಯಿತು.

ಬ್ಯಾಡರಹಳ್ಳಿಯ ಮನೆ ಸಣ್ಣದು, ಚೊಕ್ಕಟ. ಮರಿಯಪ್ಪನ ಹೆಂಡತಿ ಪಾಪಮ್ಮ ಹಿತ್ತಲಿನ ಅವರೆ ಚಪ್ಪರದ ಹತ್ತಿರ ಇದ್ದಳು. ಚಪ್ಪರದ ಸುತ್ತ ಕಂದು ಬಣ್ಣದ ಟೇಪು ಎಳೆದು ಕಟ್ಟಿತ್ತು. ಗಾಳಿಗೆ ಅದು ಪಟಪಟ ಬಡಿದುಕೊಂಡು ಬಿಸಿಲಿಗೆ ಮಿಂಚುತ್ತಿತ್ತು.

"ಏನತ್ತಿಗೆ ಇದು?"

"ನಿಮ್ಮಣ್ಣನ ಹಾಡಮ್ಮ. ಮಾರಾಟ ಆಗ್ದಿರೋ ಕ್ಯಾಸೆಟ್ ಬಿಚ್ಚಿ ಕಟ್ಟಿದೀನಿ. ಗಿಣಿ ಒಂದೂ ಹತ್ರ ಬರಲ್ಲ" ಎಂದು ಪಾಪಮ್ಮ ನಕ್ಕಳು. ಆಮೇಲೆ ಕುಸುಮಾಳ ಧ್ವನಿ ಗಮನಿಸಿ ನಗು ನಿಲ್ಲಿಸಿದಳು. "ಅಯ್ಯೋ, ಇದೇನೇ ಗಂಟಲು ಹಿಂಗಾಗಿದೆ?"

ಕುಸುಮಾ ಹೇಳಿದಳು. ಜಗಲಿಯ ಮೇಲೆ ಕೂತಿದ್ದ ಮರಿಯಪ್ಪ ಕೇಳಿಸಿಕೊಂಡ. ಎಪ್ಪತ್ತನಾಲ್ಕರ ಮುದುಕ. ಕೂದಲು ಹೋಗಿತ್ತು, ಮೀಸೆ ಮಾತ್ರ ಹಾಗೇ ಇತ್ತು. ಅವಳು ಬಂದ ಕಾರಣ ತಿಳಿದದ್ದೇ ಅವನ ಮುಖ ಅರಳಿತು.

"ಇಷ್ಟೇನಾ? ಎಲ್ಲಾ ಗುಜರಿಗೆ ಹಾಕಿದೀನಿ, ಅದೊಂದನ್ನ ಹಾಕಿಲ್ಲ ಕಣಮ್ಮ. ದೇವ್ರ ಮನೇಲಿದೆ. ನಿನ್ ಕಂಠ ನನ್ ಹತ್ರ ಭದ್ರವಾಗಿದೆ."

ಕುಸುಮಾ ಕೂತಲ್ಲಿಂದ ಎದ್ದೇಬಿಟ್ಟಳು.

ದೇವರ ಮನೆಯ ಅಟ್ಟದಿಂದ ಡಬ್ಬಿ ಇಳಿಯಿತು. ಮೇಲೆ ಕಿಟಕಿ ಸೀಟು ಎಂದು ಅವನದೇ ಅಕ್ಷರ. ಒಳಗೆ ಸ್ಪೂಲು, ಅಂಚಿನಲ್ಲಿ ಕಪ್ಪಗಾದ ಕುಂಕುಮ. ಅದನ್ನು ಓಡಿಸುವ ಯಂತ್ರವೂ ಇತ್ತು, ಅಡುಗೆಮನೆಯ ಮೂಲೆಯಲ್ಲಿ, ಮೇಲೆ ರಾಗಿ ಹಿಟ್ಟಿನ ಡಬ್ಬ ಹೊತ್ತುಕೊಂಡು. ಪಾಪಮ್ಮ ಡಬ್ಬ ಇಳಿಸಿದಳು. ಮರಿಯಪ್ಪ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ, ಬೆಲ್ಟಿನ ಜಾಗಕ್ಕೆ ರಬ್ಬರ್ ಬ್ಯಾಂಡು ಸಿಕ್ಕಿಸಿದ, ಸ್ಪೂಲಿಗೆ ಕೈಮುಗಿದು ಗುಂಡಿ ಒತ್ತಿದ.

ಸೊಯ್ಯೆಂದು ಒಂದಷ್ಟು ಹೊತ್ತು. ಕೀಬೋರ್ಡು. ಆಮೇಲೆ ಒಂದು ಗಂಡು ಧ್ವನಿ, ದಪ್ಪಗೆ, ಶ್ರುತಿಯಿಂದ ಒಂದು ಮೆಟ್ಟಿಲು ಕೆಳಗೆ.

ಹಾಡುತ್ತಿದ್ದವನು ಮರಿಯಪ್ಪ.

"ಡಬ್ಬಿ ಅದಲು ಬದಲಾಗಿರ್ಬೇಕು" ಎಂದು ಪಾಪಮ್ಮ ಮೆಲ್ಲಗೆ ಹೇಳಿದಳು.

ಮರಿಯಪ್ಪ ಕುಂಕುಮದ ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿದ. ಡಬ್ಬಿ ಬದಲಾಗಿರಲಿಲ್ಲ. ಅವತ್ತು ಹಾಡಲು ನಿಂತಾಗ ಅವನೇ ಹೇಳಿದ್ದ, 'ಕುಂಕುಮ ಇರೋ ಸ್ಪೂಲು ಹಾಕು, ಅದು ಕೈಹಿಡಿದ ಸ್ಪೂಲು' ಅಂತ. ಒಳ್ಳೆಯ ಬೆಳೆ ಕೊಟ್ಟ ಹೊಲದಲ್ಲೇ ಮತ್ತೆ ಬಿತ್ತಿದ ಹಾಗೆ. ಅದರೊಳಗೆ ಏನಿದೆ ಎಂದು ಅವನು ಯೋಚಿಸಲಿಲ್ಲ. ರೆಕಾರ್ಡಿಂಗ್ ಹುಡುಗನಿಗೆ ದಣಿಯನ್ನು ಕೇಳುವ ಧೈರ್ಯವಿರಲಿಲ್ಲ. ಕ್ಯಾಸೆಟ್ಟು ಮಾಡುವ ಫ್ಯಾಕ್ಟರಿಯಲ್ಲಿದ್ದ ನಕಲು, ಫ್ಯಾಕ್ಟರಿ ಮುಚ್ಚಿದಾಗ ಕಸಕ್ಕೆ ಹೋಗಿತ್ತು.

"ನಾನೇ ಅಳಿಸ್ಬಿಟ್ಟಿದೀನಿ ಕುಸುಮಾ" ಎಂದ. "ಇಷ್ಟು ವರ್ಷ ಇದಕ್ಕೇ ದೀಪ ಹಚ್ಚಿದೀನಿ ನೋಡು."

ಕುಸುಮಾಳಿಗೆ ಬೈಯಬೇಕು ಅನ್ನಿಸಿತು. ಟೇಪು ತನ್ನ ಪಾಡಿಗೆ ಓಡುತ್ತಿತ್ತು. ಹಾಡಿನ ಮರಿಯಪ್ಪ ಮೇಲಿನ ಸ್ವರಕ್ಕೆ ಕೈಚಾಚಿ, ಸಿಗದೆ, ಅಲ್ಲೇ ತೂಗಾಡಿದ.

ಪಾಪಮ್ಮ ತಡೆಯಲಾರದೆ, "ಬೋರ್‌ವೆಲ್ ಕೊರೆಯೋದು ಇದಕ್ಕಿಂತ ವಾಸಿ ಕಣ್ರೀ" ಎಂದಳು.

"ಅವತ್ತು ಒಬ್ರೂ ಹೇಳ್ಲಿಲ್ವಲ್ಲೇ!"

"ನಾನು ಹೇಳ್ದೆ, ನಿಂಗೇನ್ ಗೊತ್ತು ಅಂದ್ರಿ. ಆ ಮುನಿರಾಜು ಹೇಳ್ದ, ಅಟ್ಟಿದ್ರಿ. ಪಾಪ, ಅವ್ನು ಸಾಯೋವರ್ಗೂ ನಮ್ಮನೆ ಕಡೆ ತಲೆ ಹಾಕ್ಲಿಲ್ಲ."

ಮರಿಯಪ್ಪ ಯಂತ್ರದತ್ತ ಕೈ ಚಾಚಿದ. ನಿಲ್ಲಿಸಲು ಹೋದವನು ಮುಂದಕ್ಕೆ ಓಡಿಸುವ ಗುಂಡಿ ಒತ್ತಿದ. ನಾಚಿಕೆಗೋ ಏನೋ, ಬೇಗ ಮುಗಿಯಲಿ ಎಂದಿರಬೇಕು. ಅವನ ಒಂಬತ್ತು ಹಾಡೂ ಕೀಚಲಾಗಿ ಕಿಚಕಿಚ ಎನ್ನುತ್ತ ಹಾರಿಹೋದವು. ಸ್ಪೂಲು ಇನ್ನೇನು ಖಾಲಿಯಾಗಬೇಕು, ಆಗ ಮರಿಯಪ್ಪ ತಟ್ಟನೆ ಕತ್ತು ವಾಲಿಸಿದ. ಮುಂದಿನ ಸೀಟಿನಲ್ಲಿ ಅರ್ಧ ಕೂತು ಹಿಂದಿನವರ ಉಸಿರು ಕೇಳಿಸಿಕೊಳ್ಳುತ್ತಿದ್ದ ಅದೇ ಭಂಗಿ.

"ಇರು. ಈ ಗಂಟ್ಲು ನಂದಲ್ಲ."

ಹಿಂದಕ್ಕೆ ಸುತ್ತಿ, ನಿಧಾನ ಬಿಟ್ಟ. ಅವನು ಹತ್ತು ಹಾಡು ಹಾಡಬೇಕೆಂದು ನಿಂತು, ಒಂಬತ್ತಕ್ಕೆ ಗಂಟಲು ಕಟ್ಟಿ ಬಿಟ್ಟಿದ್ದ. ಅವನು ಬಿಟ್ಟಲ್ಲಿಂದ ಆಚೆಗೆ ಟೇಪು ಅಳಿಸಿರಲಿಲ್ಲ. ಅಲ್ಲಿ, ಒಂದು ಸಾಲಿನ ನಡುವಿನಿಂದಲೇ, ಒಂದು ಹೆಣ್ಣು ಧ್ವನಿ ಎದ್ದಿತು.

ಒಗ್ಗರಣೆ ಘಮ ಬೀದಿಗೆ ಬಂತು,
ನಮ್ಮನೆಯದೋ ನಿಮ್ಮನೆಯದೋ...

'ಕಿಟಕಿ ಸೀಟಿ'ನ ಕೊನೆಯ ಹಾಡು. ಯಾರೂ ಕೇಳಿ ಹಾಕಿಸಿಕೊಳ್ಳುತ್ತಿರಲಿಲ್ಲ. ಆದರೆ ಧ್ವನಿ ಇಲಿಮರಿಯದಲ್ಲ, ಮಗುವಿನದಲ್ಲ. ತುಸು ದಪ್ಪಗಿನ, ಕೆಳಗಿನ ಸ್ವರದಲ್ಲಿ ಬೆಲ್ಲದ ಪಾಕದಂತೆ ಎಳೆಯೆಳೆಯಾಗುವ, ನಗುವನ್ನು ಹಲ್ಲಿನ ಹಿಂದೆ ಹಿಡಿದಿಟ್ಟ ಧ್ವನಿ. ಕುಸುಮಾಳ ತುಟಿ ತಾನಾಗಿ ಅದರ ಜೊತೆ ಅಲುಗಿತು. ಹಾಡು ಮುಗಿದ ಮೇಲೂ ಟೇಪಿನಲ್ಲಿ ಆ ಹುಡುಗಿ "ಅಣ್ಣ, ಈಗಾದ್ರೂ ಪಾಸಾ?" ಎಂದಳು. ನಗು. ಆಮೇಲೆ ಟೇಪಿನ ತುದಿ ಕಳಚಿ ಟಪ್ ಟಪ್ ಎಂದು ಹೊಡೆದುಕೊಂಡಿತು.

ಪಾಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರಿಯಪ್ಪ ಎದ್ದು ಚಪ್ಪಲಿ ಹುಡುಕಿದ.

"ಮತ್ತೆ ಓಡಿಸ್ತೀನಿ, ಫೋನಿಗೆ ಹಿಡ್ಕೋ ಅದನ್ನ. ಆಟೋ ಕರಿ. ನಾನೂ ಬರ್ತೀನಿ."

"ಎಲ್ಲಿಗಣ್ಣ?"

"ಪಾಸಾ ಅಂತ ಕೇಳ್ತಾ ಇದೀಯಲ್ಲ. ನಾನು ಹೇಳಿದ್ರೆ ಆಗುತ್ತಾ?"

ಆ್ಯಪಿನಲ್ಲಿ ಕರೆದ ಆಟೋ ಬಂತು. ಹುಡುಗನ ಹೆಸರು ಹನುಮೇಶ, ಬಾಗಲಕೋಟೆ ಕಡೆಯವನು. ಮುಂದೆ ಕೂರುವಂತಿಲ್ಲ ಎಂದ. ಮರಿಯಪ್ಪ ಹಿಂದೆಯೇ ಕುಸುಮಾಳ ಪಕ್ಕ ಕೂತು, ಫೋನಿನ ಹಾಡನ್ನು ಆಟೋದ ಸ್ಪೀಕರಿಗೆ ಹಾಕಿಸಿದ. ಹೊರಗೆ ಮಾಗಡಿ ರಸ್ತೆ, ಲಾರಿ, ಹಾರನ್ನು, ಧೂಳು. ಇದ್ದ ಅರ್ಧ ಹಾಡು ಮುಗಿಯಿತು. ಮತ್ತೆ ಹಾಕಿದ. ಹನುಮೇಶ ಯಾರಿಗೋ ಬೈದು ಪಕ್ಕಕ್ಕೆ ನುಗ್ಗಿದ. ಮರಿಯಪ್ಪ ಬಾಯಿ ಬಿಡಲಿಲ್ಲ. ಕುಸುಮಾ ಕಂಬಿ ಬಿಗಿಯಾಗಿ ಹಿಡಿದಿದ್ದಳು. ಸುಂಕದಕಟ್ಟೆ ಹೋಯಿತು. ಕೇಳುವುದಿಲ್ಲ ಅಂದುಕೊಂಡಳು. ಹಾಡು ಮತ್ತೆ ಶುರುವಾಯಿತು.

ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಹನುಮೇಶ ಹಿಂದಕ್ಕೆ ತಿರುಗಿದ.

"ಅಕ್ಕಾರ, ಯಾರ ಹಾಡ್ರೀ ಇದು? ಭಾಳ ಚಂದ ಐತಿ. ಇದರ ಮೊದಲಿಂದು ಇಲ್ಲೇನ್ರೀ?"

"ಇವ್ಳದಪ್ಪ" ಎಂದ ಮರಿಯಪ್ಪ, ಕುಸುಮಾಳ ಕಡೆ ಬೆರಳು ತೋರಿಸಿ. "ಮೊದ್ಲಿಂದು ಇತ್ತು. ನಾನು ಕೆಡಿಸ್ದೆ."

ಹನುಮೇಶ ಕನ್ನಡಿಯಲ್ಲಿ ಅವಳನ್ನೇ ನೋಡಿದ. "ಖರೇನ್ರೀ ಅಕ್ಕಾರ?"

"ಹೂಂ" ಎಂದಳು ಕುಸುಮಾ, ಒಡೆದ ಗಂಟಲಿನಲ್ಲಿ. ಅವನು ನಂಬಿದ. ಸಿಗ್ನಲ್ ಬಿಟ್ಟಿತು.

ಹತ್ತು ಹಾಡಿನಲ್ಲಿ ಒಂಬತ್ತೂವರೆ ಹೋಗಿದ್ದವು, ಇನ್ನು ಇದ್ದಂತೆ ಸಿಗುವಂತಿರಲಿಲ್ಲ. ಮರಿಯಪ್ಪ ಆಫೀಸು, ಕಾರು, ಸೈಟು, ಮುನಿರಾಜುವಿನಂಥ ಸ್ನೇಹಿತ, ಇಷ್ಟನ್ನು ಕಳೆದುಕೊಂಡಿದ್ದ. ಕಿವಿ ಮಾತ್ರ ಉಳಿದಿತ್ತು. ಕುಸುಮಾ ಕಂಠ ಕಳೆದುಕೊಂಡಿದ್ದಳು, ಅದು ಹೇಗಿತ್ತು ಎನ್ನುವುದು ಅರ್ಧ ಹಾಡಿನಷ್ಟು ಸಿಕ್ಕಿತ್ತು.