ಸೆನಿಸಾಳ ಬೆನ್ನು

ಜೀನು ಹಿಡಿದು ಹತ್ತಿರ ಹೋದರೆ ಸಾಕು, ಕುದುರೆ ಕಿವಿ ಹಿಂದಕ್ಕೆ ಮಡಚುತ್ತೆ, ಕಚ್ಚೋಕೆ ಬರುತ್ತೆ. "ಸೊಕ್ಕು ಜಾಸ್ತಿಯಾಯ್ತು ಇದಕ್ಕೆ" ಅಂತ ನಾವು ಹೊಟ್ಟೆಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತೇವೆ. ನಮ್ಮ ಪತಗೋನಿಯಾದ ಬಯಲಲ್ಲಿ ಇದು ನಡೆಯದ ಮನೆ ಯಾವುದಿದೆ? ಎವರಿಸ್ತೊ ಮನೆಯಲ್ಲೂ ಹೀಗೇ ಆಯಿತು.

ಎವರಿಸ್ತೊ, ಅವನ ಹೆಂಡತಿ ಸುನಿಲ್ದಾ ಕುರಿ ಸಾಕುವವರು. ಅವರ ಒಬ್ಬನೇ ಮಗ ದಾರಿಯೊ, ಹಿಮ ಕರಗಿ ಉಕ್ಕಿದ ಹೊಳೆ ದಾಟುವಾಗ ಕೊಚ್ಚಿಹೋದ. ಅವತ್ತು ಮನೆಗೆ ವಾಪಸ್ ಬಂದದ್ದು ಅವನ ಬೂದಿ ಬಣ್ಣದ ಹೆಣ್ಣುಕುದುರೆ ಸೆನಿಸಾ ಮಾತ್ರ. ಅಂದಿನಿಂದ ಎವರಿಸ್ತೊ ಬೇರೆ ಕುದುರೆ ಹತ್ತಲಿಲ್ಲ. ಸುನಿಲ್ದಾ ದಿನಾ ಬೆಳಿಗ್ಗೆ ಅದಕ್ಕೆ ರೊಟ್ಟಿ ಚೂರು ತಿನ್ನಿಸಿ, ಹಣೆ ಸವರಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು.

ಉಣ್ಣೆ ಕತ್ತರಿಸುವ ಕಾಲ ಬಂತು. ಪಕ್ಕದ ಮನೆಯ ದೆಲ್ಫಿನಾ ನಮ್ಮ ಕಡೆಯ ಎಲೆ ಕಷಾಯ 'ಮಾತೆ' ಕುಡಿಯೋಕೆ ಬಂದಿದ್ದಳು. ಜಾನುವಾರುಗಳ ಆರೈಕೆ ಕಲಿತವಳು ಅವಳು. ಸೆನಿಸಾಳ ಬೆನ್ನ ಮೇಲೆ ಕೈಯಿಟ್ಟಳು. ಕುದುರೆ ಕುಗ್ಗಿತು.

"ಎವರಿಸ್ತೊ ಅವರೇ, ನೋಯ್ತಿದೆ ಇವಳಿಗೆ. ಜೀನಿನ ಕೆಳಗೆ ಏನು ಹಾಸ್ತೀರಿ?"

"ಗೋಣಿತಾಟು. ನಮ್ಮಪ್ಪನೂ ಅದನ್ನೇ ಹಾಸ್ತಿದ್ದ."

"ಬೆವರು ಕುಡಿದು ಕುಡಿದು ಹಲಗೆ ಆಗಿದೆ ನೋಡಿ. ಉಣ್ಣೆ ಇರೋ ಕುರಿಚರ್ಮ ಹಾಸಿ, ಉಣ್ಣೆ ಅವಳ ಮೈಗೆ ತಾಗೋ ಹಾಗೆ. ಭಾರ ಒಂದೇ ಕಡೆ ಒತ್ತಲ್ಲ, ಬೆವರನ್ನೂ ಹೀರುತ್ತೆ."

ಎವರಿಸ್ತೊ ನಕ್ಕುಬಿಟ್ಟ. "ಕುದುರೆಗೆ ಹಾಸಿಗೇನಾ? ನಾಳೆ ದಿಂಬೂ ಕೇಳ್ತಾಳೆ!"

"ಏ ಮುದುಕಾ," ಅಂದಳು ಸುನಿಲ್ದಾ, "ಜೀನಿನ ಮೇಲೆ ನೀನು ಕೂರೋ ಕಡೆ ಕುರಿಚರ್ಮ ಹಾಸ್ಕೊಂಡಿದೀಯಲ್ಲ, ಅದೇನು? ನಿನ್ನ ಅಂಡು ಮಾತ್ರ ಮೆತ್ತಗಿರಬೇಕಾ?"

"ಈ ಕೆಲಸ ಮುಗೀಲಿ, ಆಮೇಲೆ ನೋಡೋಣ."

"ಆಮೇಲೆ ಬೇಡ," ಅಂದಳು ದೆಲ್ಫಿನಾ. "ಒಳಗೆ ಗಾಯ ಆಗಿದ್ರೆ ಚರ್ಮ ಹಾಸಿದ್ರೂ ಪ್ರಯೋಜನ ಇಲ್ಲ. ಮೊದಲು ಸವಾರಿ ನಿಲ್ಲಿಸಿ."

ಅವನು ನಿಲ್ಲಿಸಲಿಲ್ಲ. ಬೆಟ್ಟದಿಂದ ಕುರಿ ಹೊಡೆದುಕೊಂಡು ಬರಬೇಕಿತ್ತು. ಇಳಿಜಾರಿನಲ್ಲಿ ಸೆನಿಸಾ ನಿಂತುಬಿಟ್ಟಳು. ಚಾಟಿ ಬೀಸಿದ. ಮತ್ತೆ ನಡೆದಳು. ಮನೆಗೆ ಬಂದು ಜೀನು ಇಳಿಸಿದರೆ ಗೋಣಿ ಮೈಗೆ ಅಂಟಿಕೊಂಡಿತ್ತು. ಎಳೆದಾಗ ಕೂದಲು, ಚರ್ಮ ಎರಡೂ ಕಿತ್ತುಬಂದವು. ಕೀವಿನ ವಾಸನೆ ಗಪ್ಪೆಂದು ಹೊಡೆಯಿತು.

ದೆಲ್ಫಿನಾ ಓಡಿಬಂದು ಉಪ್ಪುನೀರಲ್ಲಿ ತೊಳೆದಳು. ಪಟ್ಟಣದಿಂದ ಡಾಕ್ಟರು ಬಂದರು. ಔಷಧಿ, ಇಂಜೆಕ್ಷನ್ ಎಲ್ಲ ಆಯಿತು. ಆದರೆ ಹೆಗಲ ಉಬ್ಬಿನ ಒಳಗೆ ಮೂಳೆಯೇ ಕೊಳೆಯತೊಡಗಿತ್ತು. ಕೊನೆಗೆ ಡಾಕ್ಟರು ಆಗಲ್ಲ ಅಂತ ತಲೆಯಾಡಿಸಿದರು. "ಇನ್ನು ಇವಳನ್ನ ಇಟ್ಕೊಂಡ್ರೆ ಬರೀ ನರಳಾಟ."

ಸುನಿಲ್ದಾ ಸೆನಿಸಾಳ ಮುಖವನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಡಾಕ್ಟರು ಕೊನೆಯ ಇಂಜೆಕ್ಷನ್ ಚುಚ್ಚಿದರು. ಕುದುರೆಯ ಮುಂಗಾಲುಗಳು ಮಡಚಿಕೊಂಡವು. ಅದು ಮಲಗಿದ ಮೇಲೂ ಅವಳು ಕೈ ಬಿಡಲಿಲ್ಲ, ತಾನೂ ನೆಲಕ್ಕೆ ಕೂತಳು.

"ಹುಡುಗನ ಹಿಂದೆ ಇವಳೂ ಹೋದಳು," ಅಂದಳು.

ಎವರಿಸ್ತೊ ಟೋಪಿ ತೆಗೆದು ಹಿಡಿದಿದ್ದ. "ಕಚ್ಚೋಕೆ ಬಂದಳು, ಬೈದೆ. ನಿಂತಳು, ಹೊಡೆದೆ. ನೋಯ್ತಿದೆ ಅಂತ ಇನ್ನು ಹೇಗೆ ಹೇಳಬೇಕಿತ್ತು ಅವಳು?"



ಚಳಿಗಾಲ ಕಳೆದು ಸುನಿಲ್ದಾಳ ತಮ್ಮ ಒಂದು ಎಳೆ ಕುದುರೆ ತಂದುಕೊಟ್ಟ. ಎವರಿಸ್ತೊ ಅದಕ್ಕೆ ಜೀನು ಹಾಕಲಿಲ್ಲ. ಸೀದಾ ದೆಲ್ಫಿನಾ ಮನೆಗೆ ಹೋದ. "ಚರ್ಮ ಹೇಗೆ ಹಾಸೋದು, ಹೇಳ್ಕೊಡು ತಾಯಿ."

ಅವಳು ಹೇಳಿಕೊಟ್ಟಳು. ಈಗ ಗಂಡ ಹೆಂಡತಿ ಇಬ್ಬರೂ ಸೇರಿ ಉಣ್ಣೆ ಬಾಚುತ್ತಾರೆ.

ಕುದುರೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಜೀನಿನ ಕೆಳಗೆ ದಪ್ಪ ಉಣ್ಣೆಯ ಕುರಿಚರ್ಮ ಹಾಸಿ. ಸುಕ್ಕು ಇರಬಾರದು, ಮುಳ್ಳು ಕಸ ಇರಬಾರದು. ಬೆನ್ನುಮೂಳೆಯ ಮೇಲೆ ಬಿಗಿಯದ ಹಾಗೆ ಚರ್ಮದ ನಡುಭಾಗವನ್ನು ಜೀನಿನ ಕಡೆಗೆ ಸ್ವಲ್ಪ ಮೇಲಕ್ಕೆ ಎತ್ತಿ. ಸವಾರಿ ಮುಗಿದ ಮೇಲೆ ಗಾಳಿಗೆ ಒಣಗಿಸಿ, ಬಾಚಿ ಇಡಿ. ಜೀನೇ ಅಳತೆಗೆ ಸರಿಯಿಲ್ಲದಿದ್ದರೆ ಎಷ್ಟು ಉಣ್ಣೆ ಹಾಸಿದರೂ ಸಾಲದು, ಮೊದಲು ಅದನ್ನು ಸರಿಮಾಡಿಸಿ. ಇವತ್ತು ಜೀನು ಇಳಿಸಿದಾಗ ಬೆನ್ನಿನ ಮೇಲೆ ಅಂಗೈ ಒತ್ತಿ ನೋಡಿ. ಕುದುರೆ ಕುಗ್ಗಿದರೆ, ನಾಳೆ ನೀವು ನಡೆದೇ ಹೋಗಿ.