ಒಂಟಿಕಾಲಿನ ಸೂರು

ಹಳ್ಳದಾಚೆಯ ಕೇರಿಗೆ ಕಾರು ಹೋಗುವುದಿಲ್ಲ. ಹೋಗುವಂಥ ರಸ್ತೆಯನ್ನು ಯಾರೂ ಮಾಡಿಲ್ಲ. ಮಾಡಿಸುತ್ತೇವೆಂದು ಪ್ರತಿ ಚುನಾವಣೆಯಲ್ಲೂ ಬಂದು ಹೇಳಿ ಹೋಗುತ್ತಾರೆ, ಅಷ್ಟೆ. ಮಾರ್ಗಿಟಾ ಚರ್ಚಿನ ಗೋಡೆಯ ಪಕ್ಕ ಕಾರು ನಿಲ್ಲಿಸಿ, ಕೊಡೆ ಬಿಚ್ಚಿ, ಸೇತುವೆ ಎಂದು ಕರೆಸಿಕೊಳ್ಳುವ ಹಲಗೆಗಳ ಮೇಲೆ ಹುಷಾರಾಗಿ ಕಾಲಿಟ್ಟಳು. ಈಸ್ಟರ್ ಕಳೆದ ಮೇಲಿನ ಮಳೆ, ಬಿದ್ದೂ ಬೀಳದ ಹಾಗೆ ಬೀಳುತ್ತಿತ್ತು.

"ಮಾಚ್ಕಾ ಬಂದ್ಲು! ಡಾಕ್ಟರ್ ಮಾಚ್ಕಾ ಬಂದ್ಲು!" ಎಂದು ಮಕ್ಕಳು ಕೂಗಿಕೊಂಡು ಮುಂದೆ ಓಡಿದವು.

ಸೌದೆ ಒಡೆಯುತ್ತಿದ್ದ ಫೆರೋ ಮಾವ ಕೊಡಲಿ ಕೆಳಗಿಟ್ಟ. "ಡಾಕ್ಟ್ರೇ, ಸ್ವಲ್ಪ ನನ್ನ ಸೊಂಟ ನೋಡಮ್ಮ."

"ನಾನು ಆ ಥರ ಡಾಕ್ಟರ್ ಅಲ್ಲ ಮಾವ. ಎಷ್ಟು ಸಲ ಹೇಳೋದು?"

"ಸೊಂಟ ನೋಡೋಕೆ ಬರಲ್ಲ ಅಂದ್ಮೇಲೆ ಅಷ್ಟು ವರ್ಷ ಓದಿದ್ದು ಏನು ಮಣ್ಣು?"

ಮಾಚ್ಕಾ ಎಂದರೆ ಬೆಕ್ಕು. ಹೊರಗಿನವರು ಜಿಪ್ಸಿಗಳೆನ್ನುವ ರೋಮಾ ಜನರ ಕೇರಿಯಲ್ಲಿ ಪ್ರತಿಯೊಬ್ಬರಿಗೂ ಹೀಗೊಂದು ಮನೆಯ ಹೆಸರಿರುತ್ತದೆ. ಹುಟ್ಟಿನಿಂದ ಸಾವಿನವರೆಗೆ ಅದರಲ್ಲೇ ಕರೆಯುತ್ತಾರೆ, ಅದರಲ್ಲೇ ಬೈಯುತ್ತಾರೆ. ಸರ್ಕಾರದ ಹೆಸರು ಬೇರೆ. ಅದನ್ನು ಹೆರಿಗೆ ಆಸ್ಪತ್ರೆಯ ನರ್ಸೋ ಪಾದ್ರಿಯೋ ಇಟ್ಟಿರುತ್ತಾರೆ, ಪೊಲೀಸರು ಬಂದಾಗ ಮಾತ್ರ ಅದು ನೆನಪಾಗುತ್ತದೆ. ತನ್ನ ಹೆಸರು ಮಾರ್ಗಿಟಾ ಎಂದು ಅವಳಿಗೆ ಗೊತ್ತಾದದ್ದೇ ಶಾಲೆಗೆ ಸೇರಿದ ಮೇಲೆ. ಮೊದಮೊದಲು ಟೀಚರ್ ಎಷ್ಟು ಕರೆದರೂ ತಿರುಗಿ ನೋಡದೆ, ಈ ಹುಡುಗಿ ಕಿವುಡಿ ಇರಬೇಕೆಂದು ಬೈಸಿಕೊಂಡಿದ್ದಳು. ಮಾರನೆಯ ವರ್ಷವೇ ಅಪ್ಪ ಸಂಸಾರ ಕಟ್ಟಿಕೊಂಡು ಕೊಶಿಟ್ಸೆ ಪಟ್ಟಣಕ್ಕೆ ಹೋದ. ಹಾಗಾಗಿ ಆ ಹೆಸರು ಕೇರಿಗೆ ಬರಲೇ ಇಲ್ಲ.

ಈಗ ಅವಳು ಅದೇ ಪಟ್ಟಣದಲ್ಲಿ ಸಂಶೋಧಕಿ. ಪೂರ್ವ ಸ್ಲೊವಾಕಿಯಾದ ಇಂಥ ಕೇರಿಗಳಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಯಾರು, ಹತ್ತದವರು ಯಾಕೆ ಹತ್ತಲಿಲ್ಲ ಎನ್ನುವುದು ಅವಳ ವಿಷಯ. ಕೇರಿ ಕೇರಿ ಅಲೆದು, ಧ್ವನಿಮುದ್ರಣದ ಯಂತ್ರ ಹಿಡಿದು, ಕೊನೆಗೆ ಅವಳಿಗೆ ಸಿಕ್ಕ ಉತ್ತರ ಬಹಳ ಸರಳ. ಆ ಬಾಗಿಲು ಹದಿನೆಂಟರಲ್ಲಿ ಮುಚ್ಚುವುದಿಲ್ಲ, ಆರನೇ ವಯಸ್ಸಿಗೇ ಮುಚ್ಚಿಹೋಗಿರುತ್ತದೆ. ಶಾಲೆಗೆ ಹೆಸರು ಬರೆಸುವ ದಿನ ಜಿಲ್ಲೆಯಿಂದ ಒಬ್ಬ ಮೇಡಂ ಬಂದು ಮಗುವಿಗೆ ಚಿತ್ರ ತೋರಿಸಿ, ಇದೇನು ಎಂದು ಸ್ಲೊವಾಕ್ ಭಾಷೆಯಲ್ಲಿ ಕೇಳುತ್ತಾರೆ. ಮನೆಯಲ್ಲಿ ಆ ಭಾಷೆಯೂ ಇಲ್ಲ, ಆ ವಸ್ತುವೂ ಇಲ್ಲ. ಉತ್ತರ ಬಾರದ ಮಗು ವಿಶೇಷ ಶಾಲೆಗೆ. ಕೇರಿಯವರ ಬಾಯಲ್ಲಿ ಅದು ಮೊದ್ದುಶಾಲೆ. ಅಲ್ಲಿ ಆಲೂಗಡ್ಡೆ ಸುಲಿಯುವುದನ್ನು ಕಲಿಸುತ್ತಾರೆ. ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ.

ಭಾಷಣ ಮಾಡುವಾಗೆಲ್ಲ ಮಾರ್ಗಿಟಾ ತನ್ನದೇ ಕಥೆಯಿಂದ ಶುರುಮಾಡುತ್ತಿದ್ದಳು. ಮೇಡಂ ಕೊಡೆಯ ಚಿತ್ರ ತೋರಿಸಿದರು. ಕೊಡೆಯನ್ನೇ ಕಾಣದ ಹುಡುಗಿ 'ಒಂಟಿಕಾಲಿನ ಸೂರು' ಅಂದಳು. ಮೇಡಂ ಬಿದ್ದು ಬಿದ್ದು ನಕ್ಕು ಪಾಸು ಮಾಡಿದರು. ಕೇಳಿದವರು ನಗುತ್ತಿದ್ದರು, ಆಮೇಲೆ ಚಪ್ಪಾಳೆ. ಡಾಕ್ಟರೇಟ್ ಸಿಕ್ಕ ದಿನ ಸಹೋದ್ಯೋಗಿಗಳೆಲ್ಲ ಸೇರಿ ಈ ಕೆಂಪು ಕೊಡೆಯನ್ನೇ ಉಡುಗೊರೆ ಕೊಟ್ಟಿದ್ದರು.

ಆದರೆ ಕಥೆ ಅಮ್ಮನದು. ಕೇರಿ ಬಿಟ್ಟ ಮೇಲೊಮ್ಮೆ ಪಟ್ಟಣದಲ್ಲಿ ಸಿಕ್ಕ ಆ ಮೇಡಂ, 'ನಿಮ್ಮ ಮಾರ್ಗಿಟಾ ಹೀಗಂದಳು' ಎಂದು ಅಮ್ಮನಿಗೆ ಹೇಳಿದ್ದರು, ಅಮ್ಮ ಸಾಯುವ ತನಕ ಅಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಮಾರ್ಗಿಟಾಳಿಗೆ ನೆನಪಿದ್ದದ್ದೇ ಬೇರೆ. ಮೇಜಿನ ಅಂಚು ಹಿಡಿದುಕೊಂಡು, ಮೂಗು ಸುರಿಸಿಕೊಂಡು ಅತ್ತದ್ದು ನೆನಪಿತ್ತು. ಒಂದು ಮಾತೂ ಆಡದೆ ಹೊರಗೆ ಬಂದದ್ದು ನೆನಪಿತ್ತು. ಬಾಯಿ ಬಿಡದ ಮಗು ಪಾಸಾದದ್ದು ಹೇಗೆ? ಊರಿಗೆಲ್ಲ ಪ್ರಶ್ನೆ ಕೇಳುತ್ತ ತಿರುಗಿದ ಹೆಂಗಸು ಈ ಒಂದು ಪ್ರಶ್ನೆಯನ್ನು ಯಾರಲ್ಲೂ ಕೇಳಿರಲಿಲ್ಲ. ಕೇಳಲು ಹೆದರಿಕೆಯಿತ್ತು. ಕೇಳಬಹುದಾದ ಮನೆ ಒಂದೇ ಉಳಿದಿತ್ತು, ಅದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಈಗ ಆ ಮನೆಯಿಂದಲೇ ಬರಹೇಳಿ ಕಳಿಸಿದ್ದರು.

ಯೊಲಾನಾ ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮಗಳು ಚಿರಿಕ್ಲಿ, ಅಂದರೆ ಹಕ್ಕಿ, ಮಾರ್ಗಿಟಾಳ ಓರಗೆಯವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. 'ಬೆಕ್ಕು ಹಕ್ಕಿ ಜೋಡಿ ನೋಡ್ರೋ, ಇವತ್ತಲ್ಲ ನಾಳೆ ತಿಂದುಬಿಡುತ್ತೆ' ಎಂದು ಕೇರಿಯೆಲ್ಲ ಗೇಲಿ ಮಾಡುತ್ತಿತ್ತು. ಹೆಸರು ಬರೆಸಿದ ಮೇಲೆ ಒಂದೇ ಕಟ್ಟಡದ ಮುಂಬಾಗಿಲಿಗೆ ಮಾಚ್ಕಾ ಹೋದಳು, ಹಿಂಬಾಗಿಲಿಗೆ ಚಿರಿಕ್ಲಿ ಹೋದಳು. ಹಿಂಬಾಗಿಲು ಮೊದ್ದುಶಾಲೆಯದು. ಚಿರಿಕ್ಲಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಸುಲಿದು, ಹೋದ ಚಳಿಗಾಲ ನ್ಯುಮೋನಿಯಾ ಬಂದು ಸತ್ತಳು. ಮಾರ್ಗಿಟಾ ಪರದೇಶದಲ್ಲಿ ಭಾಷಣಕ್ಕೆ ಹೋಗಿದ್ದವಳು ಹೂವು ಕಳಿಸಿದ್ದಳು.

"ಬಾರೆ ಮಾಚ್ಕಾ. ಈಗ ಬಿಡುವಾಯ್ತಾ ಮಹಾರಾಣಿಗೆ?"

"ಬೈಯಬೇಡ ದೊಡ್ಡಮ್ಮ, ಬಂದಿದ್ದೀನಲ್ಲ."

"ಬೈಯದೆ ಇನ್ನೇನು ಆರತಿ ಎತ್ಲಾ? ಕೂತ್ಕೋ. ಎರಡು ಗಂಟೆಗೆ ಮಗೂನ ಸ್ಕೂಲಿಗೆ ಸೇರಿಸೋಕೆ ಹೋಗ್ಬೇಕು. ಅವರ ಮಾತು ನನಗೆ ತಿಳಿಯಲ್ಲ, ನೀನು ಜೊತೆಗೆ ಬಾ."

ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ದೊಡ್ಡಮ್ಮ ಗಸಿಯಿರುವ ಕರಿಕಾಫಿ ಬಗ್ಗಿಸಿ, ಕುಡಿಯುವ ಮೊದಲು ಸತ್ತವಳಿಗೆಂದು ನೆಲಕ್ಕೆ ಒಂದು ತೊಟ್ಟು ಚೆಲ್ಲಿದಳು. ಮಾರ್ಗಿಟಾಳೂ ಚೆಲ್ಲಿದಳು. ಮೂಲೆಯ ಹಾಸಿಗೆಯಿಂದ ಚಿರಿಕ್ಲಿಯ ಮಗಳು ಇಳಿದು ಬಂತು. ದುಂಡುಮುಖದ ಆ ಹುಡುಗಿಯನ್ನು ಎಲ್ಲರೂ ಕೊಚಾಕ್ ಎನ್ನುತ್ತಿದ್ದರು, ಅಂಗಿಯ ಗುಂಡಿ ಅಂತ. ಅದು ನೇರವಾಗಿ ಬಾಗಿಲ ಬಳಿ ಹೋಗಿ, ನೀರು ಸೋರಲೆಂದು ಬಿಚ್ಚಿಟ್ಟಿದ್ದ ಕೊಡೆಯ ಕೆಳಗೆ ತೂರಿ ಕೂತಿತು.

"ಒಂಟಿಕಾಲಿನ ಸೂರು," ಎಂದಿತು ಹುಡುಗಿ.

ಮಾರ್ಗಿಟಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನಂದೆ ಪುಟ್ಟಾ?"

"ಒಂಟಿಕಾಲಿನ ಸೂರು. ಅಮ್ಮ ಹಂಗೇ ಹೇಳೋದು."

"ನಿಮ್ಮಮ್ಮಂಗೆ ಯಾರು ಹೇಳ್ಕೊಟ್ರು? ನಾನಾ? ಚಿಕ್ಕೋರಿದ್ದಾಗ ನಾನು ಹೇಳಿದ್ನಾ ದೊಡ್ಡಮ್ಮ?" ಹಾಗಾಗಿರಲಿ ದೇವರೇ ಎಂದು ಅವಳು ಬೇಡಿಕೊಂಡಳು. ಆ ಬೇಡಿಕೆ ದನಿಯಲ್ಲೇ ಕೇಳಿಸುತ್ತಿತ್ತು.

ದೊಡ್ಡಮ್ಮ ನಕ್ಕುಬಿಟ್ಟಳು. "ನೀನಾ? ನಿನಗೆಲ್ಲಿತ್ತೆ ಬಾಯಿ? ಅವತ್ತು ಪರೀಕ್ಷೆ ಮುಗಿಸಿ ನೀನು ಅತ್ಕೊಂಡು ಬಂದೆ, ಲಂಗ ಎಲ್ಲ ಒದ್ದೆ ಮಾಡ್ಕೊಂಡಿದ್ದೆ. ಅವಳು ಕುಣ್ಕೊಂಡು ಬಂದ್ಲು. 'ಅಮ್ಮಾ, ಒಂದು ಚಿತ್ರದ ಹೆಸರು ಗೊತ್ತಿರ್ಲಿಲ್ಲ, ಒಂಟಿಕಾಲಿನ ಸೂರು ಅಂದೆ, ಮೇಡಂ ನಗಾಡಿಬಿಟ್ರು' ಅಂದ್ಲು. ಅಷ್ಟು ನಗಾಡ್ದೋರು ನನ್ನ ಮಗೂನ ಮೊದ್ದುಶಾಲೆಗೆ ಹಾಕಿದ್ರು ನೋಡು. ನಿನ್ನನ್ನ ಮುಂಬಾಗಿಲ ಕಡೆ ಹಾಕಿದ್ರು. ನಾನಂದ್ಕೊಂಡೆ, ಗಾಜೊ ಜನಕ್ಕೆ ಬಾಯಿ ಮುಚ್ಕೊಂಡಿರೋ ಮಕ್ಕಳೇ ಇಷ್ಟವೇನೋ ಅಂತ." ರೋಮಾ ಅಲ್ಲದವರೆಲ್ಲ ಕೇರಿಯ ಬಾಯಲ್ಲಿ ಗಾಜೊ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಅನ್ನುವವರು ಪರೀಕ್ಷೆಯ ದಿನದ ಆ ಬೆಂಚಿನ ಮೇಲೆ ಕೂತವರಲ್ಲ.

ಬೆಂಚು ಈಗ ಮಾರ್ಗಿಟಾಳ ಕಣ್ಣೆದುರಿಗೇ ಬಂತು. ತಾಯಂದಿರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ್ದರು. ಒಳಗಿನ ಬೆಂಚಿನ ಮೇಲೆ ಅವರಿಬ್ಬರೇ. ಮೇಡಂ ಬಾಗಿಲಿಗೆ ಬಂದು ಒಂದು ಹೆಸರು ಕೂಗಿದರು. ಇಬ್ಬರಿಗೂ ಅದು ಯಾರ ಹೆಸರೆಂದು ಗೊತ್ತಿಲ್ಲ. ಮತ್ತೆ ಕೂಗಿದರು, ಸಿಟ್ಟಿನಲ್ಲಿ. ಚಿರಿಕ್ಲಿ ಅವಳ ಕಿವಿಯಲ್ಲಿ, 'ಯಾರೂ ಏಳ್ತಿಲ್ಲ, ಪಾಪ ಮೇಡಂ ಕರೀತಾನೇ ಇದ್ದಾರೆ, ನಾನೇ ಹೋಗ್ತೀನಿ' ಎಂದು ಪಿಸುಗುಟ್ಟಿ, ಜಡೆ ಹಿಂದಕ್ಕೆ ಎಸೆದು ಎದ್ದು ಹೋದಳು. ಆಮೇಲೆ ಇನ್ನೊಂದು ಹೆಸರು ಕೂಗಿದರು. ಉಳಿದವಳು ಒಬ್ಬಳೇ, ಕೈ ಹಿಡಿದು ಎಳೆದುಕೊಂಡು ಹೋದರು. ಚಿರಿಕ್ಲಿಯದಾಗಿದ್ದ ಆ ಹೆಸರಲ್ಲಿ ಮಾಚ್ಕಾ ಅತ್ತಳು. ಅಷ್ಟು ಹೊತ್ತಿಗೆ ಮಾಚ್ಕಾಳ ಹೆಸರಿನಲ್ಲಿ ಚಿರಿಕ್ಲಿ ಪಾಸಾಗಿಯಾಗಿತ್ತು.

ಮಾರ್ಗಿಟಾ ಲೋಟವನ್ನು ನೆಲಕ್ಕಿಟ್ಟಳು. ತನ್ನ ಓದು, ತನ್ನ ಕೆಲಸ, ಆ ಚಪ್ಪಾಳೆಗಳು ಎಲ್ಲವೂ ಒಲೆಯ ಪಕ್ಕ ಯಾರೋ ಬಿಚ್ಚಿಟ್ಟ ಬಟ್ಟೆಯಂತೆ ಕಂಡವು. ಹೇಳಿಬಿಡಲೇ? ಹೇಳಿದರೆ ಈ ಮುದುಕಿಗೆ ಉಳಿಯುವುದಾದರೂ ಏನು? ಮಗಳು ಮೊದ್ದಾಗಿರಲಿಲ್ಲ ಎಂಬ ಸಮಾಧಾನವೋ, ಮಗಳ ಬದುಕನ್ನು ಇವಳು ಬದುಕಿದಳೆಂಬ ಉರಿಯೋ?

"ಮಾಚ್ಕಾ," ದೊಡ್ಡಮ್ಮ ದನಿ ತಗ್ಗಿಸಿದಳು. "ನಿನ್ನ ಕರೆಸಿದ್ದು ಸ್ಕೂಲಿಗೊಂದಕ್ಕೇ ಅಲ್ಲ. ಅವಳು ಬರ್ತಾಳೆ ಕಣೆ."

"ಯಾರು?"

"ಇನ್ಯಾರು? ಸತ್ತ ಮೇಲೂ ನೆಮ್ಮದಿ ಇಲ್ಲ ಅವಳಿಗೆ. ಮಟಮಟ ಮಧ್ಯಾಹ್ನ, ಚರ್ಚಿನ ಗಂಟೆ ಹೊಡೆಯೋ ಹೊತ್ತಿಗೆ ಬಾಗಿಲಾಚೆ ಬಂದು ನಿಂತ್ಕೊಂಡು ಕರೀತಾಳೆ. ನನ್ನನ್ನಲ್ಲ. ಮಗೂನೂ ಅಲ್ಲ. ಯಾವಳೋ ಮಾರ್ಗಿಟಾ ಅಂತೆ, ಅವಳನ್ನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರ್ಗಿಟಾಳ ಕೈ ತಾನಾಗಿ ಎದೆಗೆ ಹೋಯಿತು.

"ಜ್ವರ ಏರಿದಾಗಲೂ ಅದೇ ಅಂತಿದ್ಲು. 'ಮಾರ್ಗಿಟಾನ ಕರೀತಿದ್ದಾರೆ ಅಮ್ಮ, ಯಾರೂ ಏಳ್ತಿಲ್ಲ, ನಾನೇ ಹೋಗ್ಲಾ?' ಅಂತ. ಹೋಗೇಬಿಟ್ಲು. ಈ ಕೇರೀಲಿ ಯಾರಿದ್ದಾರೆ ಮಾರ್ಗಿಟಾ? ಯಾವಳೋ ಗಾಜೊ ಹೆಂಗಸಿರ್ಬೇಕು. ನೀನು ಅವರ ನಡುವೆ ಇರೋಳು, ಹುಡುಕಿ ಹೇಳು. ನನ್ನ ಮಗಳಿಗೆ ಏನು ಬಾಕಿ ಇಟ್ಕೊಂಡಿದ್ದಾಳೋ ಅದನ್ನ ತೀರಿಸು ಅಂತ ಹೇಳು. ಸತ್ತವರು ಸುಮ್ಮನೆ ಬರಲ್ಲ."

ಆಗ ಗಂಟೆ ಶುರುವಾಯಿತು. ಹಳ್ಳದ ಆಚೆಯಿಂದ, ನಿಧಾನವಾಗಿ, ಒದ್ದೆ ಗಾಳಿಯಲ್ಲಿ ಬಂತು. ದೊಡ್ಡಮ್ಮ ಶಿಲುಬೆಯ ಗುರುತು ಮಾಡಿಕೊಂಡು ಮಗುವಿನ ಕಡೆ ಬೆರಳೆತ್ತಿದಳು. "ಉಸಿರೆತ್ತಬೇಡ. ಸತ್ತವರು ಕರೆದಾಗ ಓಗೊಡಬಾರದು. ಓಗೊಟ್ಟೋರನ್ನ ಕರ್ಕೊಂಡು ಹೋಗ್ತಾರೆ."

ಹೊರಗೆ ಮಕ್ಕಳ ಗಲಾಟೆ ನಿಂತಿತು. ಫೆರೋ ಮಾವನ ಕೊಡಲಿಯೂ ನಿಂತಿತು. ಬಾಗಿಲಾಚೆಯ ಕೆಸರಿನಲ್ಲಿ ಯಾರೋ ಕಾಲು ಊರಿದ ಸದ್ದು.

"ಮಾರ್ಗಿಟಾ."

ದನಿ ದೊಡ್ಡ ಹೆಂಗಸಿನದಲ್ಲ. ಆರು ವರ್ಷದ ಹುಡುಗಿ ಮೇಡಂ ಒಬ್ಬರನ್ನು ಅಣಕಿಸುವ ದನಿ. ಆ ಅಣಕು ಮಾರ್ಗಿಟಾಳಿಗೆ ಚೆನ್ನಾಗಿ ಗೊತ್ತಿತ್ತು, ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಕೇಳಿದ್ದಳು. ಎದ್ದು ನಿಲ್ಲಬೇಕೆಂದುಕೊಂಡಳು. ಏಳಲಿಲ್ಲ. ನಾಲಗೆ ಅವತ್ತಿನ ಹಾಗೆಯೇ ಅಂಗುಳಿಗೆ ಅಂಟಿತು.

"ಮಾರ್ಗಿಟಾ!" ಈಗ ಸ್ವಲ್ಪ ಸಿಟ್ಟು.

ಕೊಡೆಯ ಕೆಳಗಿದ್ದ ಕೊಚಾಕ್ ಅಜ್ಜಿಯ ಮುಖ ನೋಡಿತು, ಮಾಚ್ಕಾಳ ಮುಖ ನೋಡಿತು. ಯಾರೂ ಏಳುತ್ತಿಲ್ಲ. ಪಾಪ, ಅಮ್ಮ ಕರೆಯುತ್ತಲೇ ಇದ್ದಾಳೆ. ಹುಡುಗಿ ಜಡೆ ಹಿಂದಕ್ಕೆ ಎಸೆದು ಎದ್ದು ನಿಂತಿತು, ಓಗೊಡಲು ಬಾಯಿ ತೆರೆಯಿತು.

ಮಾರ್ಗಿಟಾ ಹೇಗೆ ಹಾರಿದಳೋ ಅವಳಿಗೇ ಗೊತ್ತಿಲ್ಲ. ಲೋಟ ಉರುಳಿತು, ಮಗುವಿನ ಬಾಯನ್ನು ಅಂಗೈಯಿಂದ ಮುಚ್ಚಿದಳು.

"ಅವಳಲ್ಲ!" ಎಂದು ಬಾಗಿಲಿನ ಕಡೆಗೆ ಕೂಗಿದಳು. "ಅವಳಲ್ಲ ಚಿರಿಕ್ಲಿ, ನಾನು! ಮಾರ್ಗಿಟಾ ನಾನು. ಅವತ್ತು ಏಳಬೇಕಾಗಿದ್ದೋಳು ನಾನು ಕಣೆ."

ಗಂಟೆ ನಿಂತಿತು. ಹೊರಗೆ ಮತ್ತೆ ಕೊಡಲಿ ಬಿತ್ತು.

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ದೊಡ್ಡಮ್ಮ ಏಳಲಿಲ್ಲ. ಕೊನೆಗೆ, ಅನ್ನದಲ್ಲಿ ಕಲ್ಲು ಸಿಕ್ಕವಳ ಹಾಗೆ ಆ ಹೆಸರನ್ನು ಬಾಯಲ್ಲಿ ಹೊರಳಿಸಿದಳು. "ಮಾರ್ಗಿಟಾ. ನೀನು."

"ನಂಗೆ ಗೊತ್ತಿರ್ಲಿಲ್ಲ ದೊಡ್ಡಮ್ಮ. ನಿಜವಾಗ್ಲೂ."

"ಗೊತ್ತಿರ್ಲಿಲ್ಲ. ಅವಳಿಗೂ ಗೊತ್ತಿರ್ಲಿಲ್ಲ. ನಿಂಗೆ ಕುರ್ಚಿ ಸಿಕ್ತು, ಅವಳಿಗೆ ಆಲೂಗಡ್ಡೆ." ದೊಡ್ಡಮ್ಮ ಉರುಳಿದ ಲೋಟವನ್ನು ಎತ್ತಿಟ್ಟಳು. "ಬೆಕ್ಕು ಹಕ್ಕೀನ ತಿನ್ನುತ್ತೆ ಅಂತ ಊರೆಲ್ಲ ಆಡ್ಕೊಳೋರು. ನಾನೂ ನಗ್ತಿದ್ದೆ ಕಣೆ. ನಾನೂ ನಗ್ತಿದ್ದೆ."

ಮಾರ್ಗಿಟಾ ಅತ್ತಳು. ದೊಡ್ಡಮ್ಮ ಸಮಾಧಾನ ಮಾಡಲಿಲ್ಲ, ಆಚೆ ಹೋಗು ಎಂದೂ ಅನ್ನಲಿಲ್ಲ. ಎದ್ದು ಸೀದ ರೊಟ್ಟಿ ತೆಗೆದಿಟ್ಟಳು. ಮಗುವಿನ ಮುಖ ಒರೆಸಿ, ತಲೆಗೆ ವಸ್ತ್ರ ಕಟ್ಟಿ, ಅದರ ಕೈಯನ್ನು ತಂದು ಮಾರ್ಗಿಟಾಳ ಕೈಯಲ್ಲಿಟ್ಟಳು.

"ನೀನೇ ಕರ್ಕೊಂಡು ಹೋಗು."

"ನೀನು ಬರಲ್ವಾ?"

"ನಂಗೇನು ತಿಳಿಯುತ್ತೆ? ಹೆಸರು ಕೂಗಿದಾಗ ಯಾರು ಏಳ್ತಾರೆ ಅಂತ ನೋಡ್ಕೋ. ಅದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಕೊಡೆಯನ್ನು ಮಾರ್ಗಿಟಾ ಬಾಗಿಲ ಬಳಿಯೇ ಬಿಟ್ಟಳು. ಅದು ತನ್ನದಲ್ಲ ಅನಿಸಿತು. ತುಂತುರಿನಲ್ಲಿ ಇಬ್ಬರೂ ಹಲಗೆಗಳವರೆಗೆ ನಡೆದ ಮೇಲೆ ಅವಳಿಗೆ ಥಟ್ಟನೆ ಹೊಳೆಯಿತು.

"ಪುಟ್ಟಾ, ನಿನ್ನ ಹೆಸರೇನು?"

"ಕೊಚಾಕ್."

"ಅದಲ್ಲ. ಇನ್ನೊಂದು?"

ಮಗು ಅವಳನ್ನೇ ನೋಡಿತು. ಇನ್ನೊಂದು ಎಂಬುದಿದೆಯೆಂದೇ ಅದಕ್ಕೆ ಗೊತ್ತಿರಲಿಲ್ಲ. ಮಾರ್ಗಿಟಾ ತಿರುಗಿ ನಿಂತು ಕೇರಿಗೆಲ್ಲ ಕೇಳಿಸುವ ಹಾಗೆ ಕೂಗಿದಳು. "ದೊಡ್ಡಮ್ಮಾ! ಇವಳ ಹೆಸರೇನು?"

ಬಾಗಿಲಲ್ಲಿ ನಿಂತಿದ್ದ ಮುದುಕಿ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. "ವಿಯೋಲಾ! ವಿಯೋಲಾ ಅಂತ ಇಟ್ಟಿದ್ರು ಆಸ್ಪತ್ರೇಲಿ!"

"ವಿಯೋಲಾ," ಎಂದಳು ಮಾರ್ಗಿಟಾ. "ವಿಯೋಲಾ," ಎಂದಿತು ಮಗು. ಹಾಗೆ ಹೇಳಿಕೊಳ್ಳುತ್ತ ಹಲಗೆ ದಾಟುವಾಗ ಅವರ ಹಿಂದೆ ಇನ್ನೊಂದು ಜೊತೆ ಕಾಲಿನ ಸದ್ದು ಹಲಗೆಯ ಮೇಲೆ ಬಂತು. ಹಗುರವಾದ ಕಾಲು. ಮಾರ್ಗಿಟಾ ತಿರುಗಿ ನೋಡಲಿಲ್ಲ.

"ಅಮ್ಮನೂ ಬರ್ತಿದ್ದಾಳೆ," ಎಂದಿತು ಮಗು.

"ಬರ್ಲಿ," ಎಂದಳು ಮಾರ್ಗಿಟಾ. "ಇವತ್ತು ಎಲ್ಲರೂ ಮುಂಬಾಗಿಲಿಂದಲೇ ಹೋಗೋಣ."