ಮರದ ಎದೆಬಡಿತ

“ಶ್! ಮರ ಮಾತಾಡ್ತಿದೆ,” ಎಂದರು ಮೇಡಂ, ಮರವೇ ತಮ್ಮ ಸಂಬಳದ ಆಳು ಎನ್ನುವ ಹಾಗೆ.

ಶಿಶುವಿಹಾರದ ಅಂಗಳದ ದೊಡ್ಡ ಮರದ ಬುಡದಲ್ಲಿ ಹದಿನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದವು. ಕಣ್ಣು ಕಟ್ಟಿಕೊಂಡು ತೊಗಟೆ ಸವರಿದ್ದಾಗಿತ್ತು, ಎಲೆ ಹಿಸುಕಿ ಮೂಸಿದ್ದಾಗಿತ್ತು. ಈಗ ಡಾಕ್ಟರ ಸ್ಟೆತಾಸ್ಕೋಪು. ಅದನ್ನು ಕಾಂಡಕ್ಕೆ ಒತ್ತಿದರೆ ಮರದ ಎದೆಬಡಿತ ಕೇಳುತ್ತದೆಂದು ಮೇಡಂ ಎರಡು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದರು. ಕೇಳಿಸಿಕೊಂಡವರಿಗೆ ಬರುವ ವರ್ಷ ದೊಡ್ಡ ತರಗತಿ. ಮೊದಲು ತಾವೇ ಕಿವಿಗಿಟ್ಟುಕೊಂಡು, ಪರವಶರಾದವರಂತೆ ನಿಟ್ಟುಸಿರುಬಿಟ್ಟರು.

ಮೊದಲನೆಯವನು “ಲಬ್ ಡಬ್” ಎಂದ. ಎರಡನೆಯವಳು ಅದನ್ನೇ ಇನ್ನೂ ಜೋರಾಗಿ ಹೇಳಿದಳು. ಮೂರನೆಯವನನ್ನಂತೂ ಮರ ಹೆಸರು ಹಿಡಿದೇ ಕರೆಯಿತಂತೆ.

ಕೊನೆಯವಳು ಗುಬ್ಬಿ, ಅಲ್ಲಿನ ಆಯಾಳ ಮೊಮ್ಮಗಳು. ಹೋದ ವರ್ಷ ಆನೆಗೆ ಗುಲಾಬಿ ಬಣ್ಣ ಬಳಿಯಲು ಒಪ್ಪದೆ ಚಿಕ್ಕ ತರಗತಿಯಲ್ಲೇ ಉಳಿದವಳು. ಅಲ್ಲಿನ ಕುರ್ಚಿಯಲ್ಲಿ ಕೂತರೆ ಈಗ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಈ ಸಲವಾದರೂ ದಾಟಿಸಪ್ಪಾ ಎಂದು ಅಜ್ಜಿ ಬೆಳಿಗ್ಗೆ ದೇವರಿಗೆ ಎರಡು ಸಲ ಕೈಮುಗಿದು ಬಂದಿದ್ದಳು.

ಗುಬ್ಬಿ ಬಹಳ ಹೊತ್ತು ಆಲಿಸಿದಳು. “ಏನೂ ಕೇಳಿಸ್ತಿಲ್ಲ, ಮಿಸ್.”

“ಮನಸ್ಸಿಟ್ಟು ಕೇಳು.”

“ಇಟ್ಟೆ. ಅದು ಸುಮ್ನಿದೆ.”

ಮಕ್ಕಳು ಕಿಸಕ್ಕೆಂದವು. ಮೇಡಂ ಆಯಾಳ ಕಡೆ ತಿರುಗಿದರು. “ನೀವೇ ಸ್ವಲ್ಪ ಹೇಳಿಯಮ್ಮಾ. ಇಲ್ದಿದ್ರೆ ನಾನು ಸೊನ್ನೆ ಹಾಕ್ಬೇಕಾಗತ್ತೆ.”

ಗುಬ್ಬಿ ಅಜ್ಜಿಯ ಮುಖ ನೋಡಿದಳು. ಒಂದು ‘ಹೂಂ’ ಸಾಕಿತ್ತು. ಹದಿಮೂರು ಸುಳ್ಳು ಹೊತ್ತ ಭೂಮಿಗೆ ಹದಿನಾಲ್ಕನೆಯದೇನೂ ಭಾರವಾಗುತ್ತಿರಲಿಲ್ಲ. ಆ ‘ಹೂಂ’ ಆಯಾಳ ಬಾಯಿವರೆಗೂ ಬಂತು. ನುಂಗಿಕೊಂಡಳು.

“ಕೇಳಿಸಿದ್ದನ್ನೇ ಹೇಳು, ಮಗಾ.”

“ಏನೂ ಇಲ್ಲ.”

ಮೇಡಂ ಪಟ್ಟಿಯಲ್ಲಿ ಸೊನ್ನೆ ಹಾಕಿ, ‘ಗ್ರಹಣಶಕ್ತಿ ಸಾಲದು’ ಎಂದು ಬರೆದುಕೊಂಡರು. ಇನ್ನೊಂದು ವರ್ಷ ಅದೇ ಕುರ್ಚಿ.

ಸಾಮಾನು ಒರೆಸಿಡುವುದು ಆಯಾಳ ಕೆಲಸ. ಒರೆಸುವಾಗ ಸ್ಟೆತಾಸ್ಕೋಪಿನ ಕಿವಿಗುಂಡಿಯೊಂದು ಕಳಚಿತು. ಕೊಳವೆಯೊಳಗೆ ಹತ್ತಿ, ಹುಳ ಹೊಗದಿರಲೆಂದು ಯಾರೋ ಬಿಗಿಯಾಗಿ ತುರುಕಿದ್ದದ್ದು. ಇನ್ನೊಂದು ಕಡೆಯೂ ಅಷ್ಟೇ. ಎರಡನ್ನೂ ಅಂಗೈ ಮೇಲಿಟ್ಟು ಮೇಡಂ ಮುಂದೆ ಹಿಡಿದಳು.

“ಇದರಲ್ಲಿ ಯಾರಿಗೂ ಏನೂ ಕೇಳೋ ಹಾಗಿಲ್ಲ ಮೇಡಂ. ನೀವೂ ಸೇರಿ.”

ಮೇಡಂ ಹತ್ತಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. “ಇದೆಲ್ಲ ನಿಮಗೆ ಅರ್ಥ ಆಗಲ್ಲಮ್ಮಾ. ಕಿವಿಯಿಂದ ಕೇಳೋದಲ್ಲ ಇದು, ಹೃದಯದಿಂದ.”

“ಹಾಗಾದ್ರೆ ಈ ಕೊಳವೆ ಯಾಕೆ ಮೇಡಂ?”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಸೊನ್ನೆ ಅಳಿಸಲಿಲ್ಲ.

ಮಧ್ಯಾಹ್ನ ಮಗನನ್ನು ಕರೆದೊಯ್ಯಲು ಬಂದ ತಂದೆಯೊಬ್ಬ ಎದೆಬಡಿತದ ಸುದ್ದಿ ಕೇಳಿ ಮರಕ್ಕೆ ಬರಿಗಿವಿ ಹಚ್ಚಿದ. “ಆಹಾ!” ಎಂದು ಕಣ್ಣು ಮುಚ್ಚಿದ. ಅವನ ಹಿಂದೆ ಇನ್ನೂ ಮೂವರು ಸಾಲುಗಟ್ಟಿದರು. ಆಯಾ ಮೊಮ್ಮಗಳ ಕೈಹಿಡಿದು ಸಾಲನ್ನು ಬಳಸಿ ಗೇಟಿನತ್ತ ನಡೆದಳು.

“ಅಜ್ಜಿ, ಅವರ ಕಿವಿ ಹತ್ರ ಇರುವೆ.”

“ಬಾ ಮಗಾ. ಅವರು ಕೇಳ್ತಾ ಇದಾರೆ.”

ಕಾಂಡದಿಂದ ಕಿವಿಗೆ ದಾಟಿದ ಇರುವೆ, ಒಳಗೆ ಇಳಿಯಲೋ ಬೇಡವೋ ಎಂಬಂತೆ ಅಂಚಿನಲ್ಲೇ ಸುತ್ತು ಹಾಕುತ್ತಿತ್ತು.